ಆಯಿಯ ಬೆನ್ನ ಹಿಂದಿನ ಹದ್ದುಗಳು

ಸಮುದ್ರದಾಚೆಯ ಪಾಪಟೋಟೊಯಿ ಊರಿನ ನಮ್ಮ ಮನೆಯಲ್ಲಿ ಜಗಳಗಳು ಅಡುಗೆಮನೆಯಲ್ಲಿ ಹುಟ್ಟಿ, ನಡುಮನೆಯಲ್ಲಿ ಬೆಳೆದು, ಹಿಂಬದಿಯ ಸನ್‌ರೂಮಿಗೆ ಬರುವಷ್ಟರಲ್ಲಿ ದಣಿದು ಮಲಗುತ್ತಿದ್ದವು. ಸನ್‌ರೂಮು ಆಯಿಯದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಮೂರು ಕಡೆ ಗಾಜು, ಒಂದು ಕಡೆ ಮರದ ಗೋಡೆ ಇದ್ದ ಆ ಕಿರುಕೋಣೆಯಲ್ಲಿ ಅವಳ ಮಂಚ, ಮಂಚದ ಮೇಲೆ ಸವಣೂರಿನಿಂದ ಹೊತ್ತು ತಂದ ಕೌದಿ, ಕಿಟಕಿಯ ಕಟ್ಟೆಯ ಮೇಲೆ ಜಪದ ಮಣಿಸರ ತಸಬಿ, ಕೂದಲೆಣ್ಣೆಯ ಬಾಟಲಿ. ನಾವು ಪಿಂಜಾರರು; ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು, ಕನ್ನಡವೇ ಮನೆಮಾತು. ಅಪ್ಪ ಆ ಕಸುಬು ಬಿಟ್ಟು ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸಕ್ಕೆ ಸೇರಿದ್ದ. ಆದರೆ ಆಯಿಯ ಬೆರಳು ಕಸುಬನ್ನು ಬಿಟ್ಟಿರಲಿಲ್ಲ. ಬಂದ ಮೊದಲ ವಾರವೇ ನಮ್ಮ ಫೋಮ್ ಗಾದಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಇವು ಗಾದಿಯಲ್ಲ, ಬೇಕರಿಯ ಬನ್ನು ಎಂದು ತೀರ್ಪು ಕೊಟ್ಟಿದ್ದಳು. ಆ ಗಾದಿಗಳನ್ನು ಸೇಲಿನಲ್ಲಿ ಹುಡುಕಿ ತಂದವಳು ಅವ್ವ. ಆ ಬನ್ನಿನ ಮಾತು ಅವ್ವನಿಗೆ ಬಹಳ ದಿನ ಜೀರ್ಣವಾಗಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಕಾಲ ಒಂದೇ ಅಡುಗೆಮನೆಯಲ್ಲಿ ನಡೆಯುತ್ತಿದ್ದವು. ಅವ್ವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಶಿಯನ್. ಸಂಜೆ ಬಂದು ಕೈ ತೊಳೆಯುವುದೆಂದರೆ ಅವಳಿಗೆ ಒಂದು ದೊಡ್ಡ ಕಾರ್ಯಕ್ರಮ. ಮೊಣಕೈವರೆಗೂ ಸೋಪು ಹಚ್ಚಿ, ಬೆರಳಸಂದಿ ತಿಕ್ಕಿ, ನೀರು ಧಾರಾಳವಾಗಿ ಬಿಡುತ್ತಿದ್ದಳು. ಅದೇ ಹೊತ್ತಿಗೆ ಆಯಿ ಪಕ್ಕದಲ್ಲೇ ನಿಂತು ಜೋಳದ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಮೇನ್ ಸ್ಟ್ರೀಟಿನ ಇಂಡಿಯನ್ ಅಂಗಡಿಯ ಜೋಳದ ಹಿಟ್ಟು ಹಳತು, ಜಿಗುಟಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ ಎಂದು ದಿನವೂ ಹೇಳುತ್ತಿದ್ದಳು, ದಿನವೂ ರೊಟ್ಟಿ ದುಂಡಗೆ ಬರುತ್ತಿತ್ತು. ಒಬ್ಬಳ ನೀರಿನ ಸದ್ದು, ಒಬ್ಬಳ ಬಡಿತದ ಸದ್ದು. ಎರಡರಲ್ಲಿ ಯಾವುದು ಜೋರಾಯಿತೆಂಬುದರ ಮೇಲೆ ಆ ಸಂಜೆ ಊಟ ಹೇಗಿರುತ್ತದೆಂದು ನಾನು ಅಂದಾಜು ಮಾಡುತ್ತಿದ್ದೆ.

ಅಂದಾಜು ಮಾಡಲು ನನಗೆ ಬೇಕಾದಷ್ಟು ಪುರಸೊತ್ತಿತ್ತು. ನನ್ನ ಎದೆಯೊಳಗೆ ಹುಟ್ಟಿನಿಂದಲೇ ಒಂದು ತೂತಿತ್ತು. ಮೊದಲು ಸಣ್ಣದು, ತಾನೇ ಮುಚ್ಚಿಕೊಳ್ಳುತ್ತದೆ ಎಂದಿದ್ದ ಡಾಕ್ಟರು ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಮನಸ್ಸು ಬದಲಿಸಿದರು. ಸ್ಪ್ರಿಂಗ್ ರಜೆಯಲ್ಲಿ ಎದೆ ತೆರೆದು ಆಪರೇಶನ್ ಎಂದು ನಿಶ್ಚಯವಾಯಿತು. ಅಂದಿನಿಂದ ಓಡುವಂತಿಲ್ಲ, ಟ್ರ್ಯಾಂಪೊಲೀನ್ ಇಲ್ಲ, ಶಾಲೆಯ ನೆಟ್‌ಬಾಲ್ ಇಲ್ಲ. ಓಡದ ಮಕ್ಕಳು ನೋಡುವುದನ್ನು ಕಲಿಯುತ್ತಾರೆ. ಯಾರು ಯಾವ ಮಾತಿಗೆ ಬಾಗಿಲು ಮುಚ್ಚಿಕೊಳ್ಳುತ್ತಾರೆ, ಯಾರ ಚಹಾ ಕಪ್ಪಿನಲ್ಲೇ ಆರಿಹೋಗುತ್ತದೆ, ಎಲ್ಲವೂ ನನಗೆ ಗೊತ್ತಿತ್ತು. ನಾನು ಸತ್ತುಹೋಗಬಹುದು ಎಂದು ಅವರು ಹೆದರಿದ್ದಾರೆ ಎಂಬುದೂ ಗೊತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಆಯಿಯ ಮುಂದೆ ಹೇಳೋಣವೆಂದರೆ ಮಾತೇ ಇರಲಿಲ್ಲ. ಅವಳು ಕನ್ನಡದಲ್ಲಿ ಕೇಳಿದ್ದೆಲ್ಲ ನನಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತಿತ್ತು. ಅವಳಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಡುವೆ ಅಪ್ಪ ನಿಂತು ಅತ್ತಿಂದಿತ್ತ ಮಾತು ಸಾಗಿಸುತ್ತಿದ್ದ. ಮನೆಯಲ್ಲೂ ಅವನದು ಕಾರ್ಗೋ ಕೆಲಸವೇ.

ಆಪರೇಶನ್ನಿನ ಸುದ್ದಿ ತಿಳಿದ ದಿನ ರಾತ್ರಿ ಊಟಕ್ಕೆ ಕೂತಾಗ ಆಯಿ ಸದಖಾದ, ಕೆಡುಕು ಕಳೆಯಲು ಕೊಡುವ ದಾನದ, ಮಾತು ತೆಗೆದಳು. ಸವಣೂರಿನಲ್ಲಿ ಮನೆಯವರಿಗೆ ದೊಡ್ಡ ಬ್ಯಾನಿ ಬಂದರೆ ಹಸಿಮಾಂಸದ ತುಂಡನ್ನು ಅವರ ತಲೆಯ ಸುತ್ತ ನಿವಾಳಿಸಿ ಹದ್ದುಗಳಿಗೆ ಹಾಕುತ್ತಿದ್ದರು. ಮಟನ್ ಮಾರ್ಕೆಟ್ಟಿನ ಹಿಂದೆ ನಿಂತು ಕೈ ಎತ್ತಿದರೆ ಸಾಕು, ತುಂಡು ನೆಲ ಮುಟ್ಟುವ ಮೊದಲೇ ಹದ್ದು ಅದನ್ನು ಗಾಳಿಯಲ್ಲಿ ಹಿಡಿದು ಒಯ್ಯುತ್ತಿತ್ತಂತೆ. ಅಪ್ಪನಿಗೆ ಚಿಕ್ಕಂದಿನಲ್ಲಿ ಟೈಫಾಯ್ಡ್ ಆದಾಗ ಹೀಗೆಯೇ ಮಾಡಿದ್ದಳಂತೆ. ಅವ್ವ ತಟ್ಟೆಯಿಂದ ಮುಖ ಎತ್ತಲಿಲ್ಲ.

"ಅತ್ತೀ, ಹುಡುಗಿ ಎದಿಯಾಗ ತೂತ ಐತಿ. ಅದನ್ನ ಡಾಕ್ಟರ್ ಮುಚ್ಚಬೇಕು, ಹದ್ದಲ್ಲ."

"ಡಾಕ್ಟರ ಮುಚ್ಚಲಿ. ನಾ ಬ್ಯಾಡ ಅಂದೆನೇನವಾ? ಅವನ ಕೈ ನಡಗದಂಗ ನೋಡಾವ್ರು ಯಾರು?"

"ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋತಂತ. ಕೊಡೂದಿದ್ರ ಬಡವರಿಗೆ ಕೊಡ್ರಿ. ಅದೂ ಸದಖಾನ."

"ಬಡವರಿಗೂ ಕೊಡೂನು. ಮನಷ್ಯಾರು ತಿಂದು ಮರೀತಾರ. ಹದ್ದು ಮುಗಿಲಿಗೆ ಒಯ್ತೈತಿ. ಬ್ಯಾನಿ ಅದರ ಕೂಡ ಹೊಕ್ಕೈತಿ."

"ಇಬ್ಬರೂ ಕೇಳ್ರಿ," ಎಂದ ಅಪ್ಪ. "ಸಾರು ಆರಾಕತ್ತೈತಿ."

ಮರುದಿನ ಅವ್ವ ಕೆಲಸಕ್ಕೆ ಹೋದ ಮೇಲೆ ಆಯಿ ನನ್ನನ್ನು ಹಿತ್ತಲಿನ ಬಟ್ಟೆ ಒಣಗಿಸುವ ಕಂಬದ ಪಕ್ಕ ನಿಲ್ಲಿಸಿದಳು. ಹಲಾಲ್ ಅಂಗಡಿಯಿಂದ ಅಪ್ಪನ ಕೈಲಿ ತರಿಸಿದ ಕುರಿಯ ಕಾಳಜದ, ಎಂದರೆ ಲಿವರಿನ, ತುಂಡು ಅವಳ ಎಡಗೈಯಲ್ಲಿತ್ತು, ನುಣುಪಾಗಿ, ಕಡುಗೆಂಪಾಗಿ. ಏನೋ ಓದುತ್ತ ಅದನ್ನು ನನ್ನ ತಲೆಯ ಸುತ್ತ ಇಳಿಸಿದಳು. ಆಮೇಲೆ ಸವಣೂರಿನ ಲೆಕ್ಕದಲ್ಲಿ ಬಲವಾಗಿ ಆಕಾಶಕ್ಕೆ ಎಸೆದಳು. ಯಾರೂ ಹಿಡಿಯಲಿಲ್ಲ. ತುಂಡು ಅಷ್ಟು ಎತ್ತರ ಹೋಗಿ, ಯೋಚನೆ ಮಾಡಿ, ತಿರುಗಿ ಬಂದು ಪಕ್ಕದ ಮನೆಯ ಹುಲ್ಲಿನ ಮೇಲೆ ದೊಪ್ಪೆಂದಿತು. ಮೊದಲು ಬಂದವು ಗೊರವಂಕಗಳು. ಅವುಗಳನ್ನು ಕಂಡು ಆಯಿಗೆ ಖುಷಿಯಾಯಿತು, ಇವು ನಮ್ಮ ಕಡೆಯವು ಎಂದಳು. ಆ ಮಾತು ಮುಗಿಯುವುದರೊಳಗೆ ಬಂದರಿನ ಕಡೆಯಿಂದ ಒಂದು ಸೀಗಲ್ ಬಂತು, ಅದರ ಹಿಂದೆ ಹತ್ತು, ಅವುಗಳ ಹಿಂದೆ ಊರಿನ ಸೀಗಲ್‌ಗಳೆಲ್ಲ. ಒಂದರ ಬಾಯಿಂದ ಒಂದು ಕಿತ್ತುಕೊಂಡು, ಚೀರಾಡಿ, ಪಕ್ಕದ ಮನೆಯವರು ಒಣಹಾಕಿದ್ದ ಬಿಳಿಯ ಚಾದರುಗಳ ಮೇಲೆಲ್ಲ ಗಲೀಜು ಮಾಡಿ ಹೋದವು. ಆಯಿ ಒಳಗೆ ಹೋಗಿ ಮಂಚದ ಮೇಲೆ ಕೂತಳು. ಸೀಗಲ್ ತಿಂದ ಸದಖಾ ಲೆಕ್ಕಕ್ಕಿಲ್ಲ ಎಂದು ನನಗೆ ಅವಳ ಮುಖ ನೋಡಿಯೇ ತಿಳಿಯಿತು. ಆ ದಿನ ನಾನು ಮೊದಲ ಸಲ ನಿಜವಾಗಿ ಹೆದರಿದೆ.

ಪಕ್ಕದ ಮನೆಯ ಮೆರೆ ಆಂಟಿ ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಹೆಂಗಸು, ಶಾಲೆಯ ಅಡುಗೆಮನೆಯಿಂದ ನಿವೃತ್ತಿಯಾದವರು. ಸಂಜೆ ಚಾದರುಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಂದರು. ಅಪ್ಪ ಕ್ಷಮೆ ಕೇಳುತ್ತಿರುವಾಗಲೇ ಆಯಿ ಅವರ ಕೈಯಿಂದ ಚಾದರು ಕಸಿದು ಗ್ಯಾರೇಜಿನ ಟಬ್ಬಿಗೆ ಹಾಕಿ ತಿಕ್ಕತೊಡಗಿದಳು. ಮೆರೆ ಆಂಟಿ ಬೇಡ ಬೇಡ ಎನ್ನುತ್ತ ಇನ್ನೊಂದು ತುದಿ ಹಿಡಿದು ಹಿಂಡಿದರು. ಹಿಂಡುತ್ತಲೇ ಇಂಗ್ಲಿಷಿನಲ್ಲಿ ಸಂಗತಿ ಏನೆಂದು ಕೇಳಿದರು, ಅಪ್ಪ ಸಂಕೋಚದಿಂದಲೇ ಹೇಳಿದ. ಅವರು ನಗಲಿಲ್ಲ. ನನ್ನ ಎದೆಯನ್ನು ಒಮ್ಮೆ ನೋಡಿ ಹೇಳಿದರು:

"ನಿಮಗೆ ಬೇಕಾದ್ದು ಕಾಹು. ಸೀಗಲ್ ಅಲ್ಲ. ಅವು ಮನೆ ಹಿತ್ತಲಿಗೆ ಬರುವುದಿಲ್ಲ, ನಾವೇ ಹೋಗಬೇಕು."

ಕಾಹು ಎಂದರೆ ಆ ನಾಡಿನ ಹದ್ದು. ಜೌಗಿನ ಮೇಲೆ ತಗ್ಗಾಗಿ ಹಾರುವ ಕಂದು ಬಣ್ಣದ ಹಕ್ಕಿ. ವಾಯುಕು ಊರಿನ ಆಚೆ ಮೆರೆ ಆಂಟಿಯ ಅಣ್ಣನ ಕುರಿ ಫಾರ್ಮ್ ಇತ್ತು. ಮರಿ ಹಾಕುವ ಕಾಲದಲ್ಲಿ ಸತ್ತು ಹುಟ್ಟಿದ ಮರಿಗಳನ್ನು ಅವರು ಜೌಗಿನ ಪಕ್ಕದ ಗುಡ್ಡದ ಮೂಲೆಯಲ್ಲಿ ಇಟ್ಟುಬಿಡುತ್ತಿದ್ದರು. ಬೆಳಿಗ್ಗೆ ಅಲ್ಲಿಗೆ ಕಾಹುಗಳು ಸೇರುತ್ತವೆ ಎಂದರು. ಶನಿವಾರ ಹೋಗುವುದೆಂದಾಯಿತು. ಅವ್ವ ಬರಲಿಲ್ಲ. ಆ ದಿನ ತನಗೆ ಶಿಫ್ಟ್ ಇದೆ ಎಂದಳು. ಹೊರಡುವಾಗ ನನಗೆ ಎರಡು ಸ್ವೆಟರ್ ಹಾಕಿ, ಗುಂಡಿಗಳನ್ನು ಕುತ್ತಿಗೆವರೆಗೆ ಬಿಗಿದು, ಆಯಿಯ ಕಡೆ ನೋಡದೆ ಹೇಳಿದಳು:

"ಗಾಳಿಗೆ ನಿಂದ್ರಸಬ್ಯಾಡ್ರಿ."

ಫಾರ್ಮಿನಲ್ಲಿ ಜನ ಹೆಚ್ಚಾದರೆ ಹಕ್ಕಿ ಇಳಿಯುವುದಿಲ್ಲವೆಂದು ಅಪ್ಪನೂ ಮೆರೆ ಆಂಟಿಯೂ ಕೆಳಗೆ ಗೇಟಿನ ಬಳಿ ಕಾರಿನಲ್ಲೇ ಉಳಿದರು. ಆಂಟಿಯ ಅಣ್ಣ ನಮ್ಮಿಬ್ಬರನ್ನು ತಮ್ಮ ಪಿಕಪ್ ಗಾಡಿ ಯೂಟ್‌ನಲ್ಲಿ ಗುಡ್ಡದ ಮೇಲೆ ಬಿಟ್ಟು, ಉಣ್ಣೆ ಕತ್ತರಿಸುವ ಹಳೆಯ ಶೆಡ್ ತೋರಿಸಿ ಹೋದರು. ಶೆಡ್ಡಿನ ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಎರಡು ಸತ್ತ ಮರಿಗಳು, ಅದರಾಚೆ ಬೇಲಿ, ಬೇಲಿಯಾಚೆ ಆಪಿನ ಹುಲ್ಲು ಬೆಳೆದ ಜೌಗು. ಆಯಿ ನನ್ನನ್ನು ಇಳಿಜಾರಿಗೆ ಕರೆದುಕೊಂಡು ಹೋಗಿ ಹೊಸ ಕಾಳಜದ ತುಂಡನ್ನು ನಿವಾಳಿಸಿದಳು. ಎಸೆಯಲಿಲ್ಲ. ಮರಿಗಳಿಂದ ಸ್ವಲ್ಪ ದೂರದಲ್ಲಿ ಹುಲ್ಲಿನ ಮೇಲೆ, ಅತಿಥಿಯ ಮುಂದೆ ತಟ್ಟೆ ಇಡುವ ಹಾಗೆ ಬಗ್ಗಿ ಇಟ್ಟಳು. ಶೆಡ್ಡಿಗೆ ಬಂದ ಮೇಲೆ ಒಂದು ಉಣ್ಣೆಯ ಮೂಟೆಯ ಮೇಲೆ ಇಳಿಜಾರಿಗೆ ಬೆನ್ನು ಮಾಡಿ ಕೂತುಬಿಟ್ಟಳು.

"ಸದಖಾ ಇಟ್ಟಾಕಿ ತಿರುಗಿ ನೋಡಬಾರದು. ಸವಣೂರಾಗ ನೋಡೂ ಜರೂರತ್ತ ಬೀಳತಿದ್ದಿಲ್ಲ, ಕೈಯಾಂದ ಕಸಗೊಂಡು ಹೋಕ್ಕಿದ್ವು. ಇಲ್ಲಿ ಹಕ್ಕಿ ನಾಚಿಕಿ ಹಕ್ಕಿ. ನೀ ಇಟ್ಟಾಕಿ ಅಲ್ಲ, ನೀ ನೋಡಬಹುದು. ನೋಡಿ ಹೇಳ."

ನಾನು ಹಲಗೆಗಳ ಸಂದಿಗೆ ಕಣ್ಣು ಹಚ್ಚಿದೆ. ಏನೂ ಇರಲಿಲ್ಲ.

"ಏನ ಕಾಣತೈತಿ?"

"ಗ್ರಾಸ್, ಆಯಿ."

"ಹುಲ್ಲು ಅನ್ನು. ಹುಲ್ಲು ಹೆಂಗೈತಿ?"

ಅಪ್ಪ ಕೆಳಗೆ ಕಾರಿನಲ್ಲಿದ್ದ. ಮಾತು ಸಾಗಿಸುವವರು ಯಾರೂ ಇರಲಿಲ್ಲ. ನಾನು ಬಾಯೊಳಗೆ ಹುಡುಕಿದೆ. ಹುಲ್ಲು ಹಸರ ಐತಿ ಎಂದೆ. ಆಮೇಲೆ, ಒದ್ದಿ ಐತಿ. ಗಾಳಿಗೆ ಬಗ್ಗಾಕತ್ತೈತಿ. ಒಂದೊಂದು ಶಬ್ದವೂ ಮನೆಯ ಯಾವುದೋ ಡಬ್ಬಿಯಲ್ಲಿ ಇದ್ದದ್ದು ಕೈಗೆ ಸಿಕ್ಕ ಹಾಗೆ ಬಂತು. ಆಯಿ ಪ್ರತಿಯೊಂದಕ್ಕೂ ಹ್ಞೂಂ ಎನ್ನುತ್ತ, ಮೂಟೆಯಿಂದ ಉಣ್ಣೆಯ ಎಳೆ ಎಳೆದು ಬೆರಳಲ್ಲಿ ಹಿಂಜಿ ನೋಡುತ್ತಿದ್ದಳು. ಚಲೋ ಮಾಲು, ಇದರಾಗ ಗಾದಿ ಹೊಲೀಬಹುದು ಎಂದು ನಡುವೆ ಒಮ್ಮೆ ಹೇಳಿದಳು. ಬಹಳ ಹೊತ್ತಾಯಿತು. ಚಳಿಗೆ ನನ್ನ ಮೂಗು ಸೋರತೊಡಗಿತು. ಆಗ ಜೌಗಿನ ಅಂಚಿನಲ್ಲಿ ಏನೋ ಎದ್ದಿತು.

"ಆಯಿ, ಒಂದು ಬಂತು."

ಅವಳ ಬೆರಳು ನಿಂತಿತು. "ಹೆಂಗ ಬರಾಕತ್ತೈತಿ?"

"ರೆಕ್ಕಿ ಬಡಿಯಾಕತ್ತಿಲ್ಲ. ಸುಮ್ನ, ಗಾಳಿ ಮ್ಯಾಲ ಮಲಗಿದಂಗ."

"ತೇಲಾಕತ್ತೈತಿ."

"ಹಾಂ. ತೇಲಾಕತ್ತೈತಿ."

"ರೆಕ್ಕಿ ಹೆಂಗ ಹಿಡದೈತಿ?"

ಅದು ರೆಕ್ಕೆಗಳನ್ನು ನೇರವಾಗಿ ಚಾಚಿರಲಿಲ್ಲ, ಎರಡೂ ಕಡೆ ತುಸು ಮೇಲೆತ್ತಿ ಹಿಡಿದಿತ್ತು. ನಾನು ಹೇಳಿದೆ:

"ನೀ ನಮಾಜ್ ಆದಮ್ಯಾಲ ದುವಾಕ್ಕ ಕೈ ಎತ್ತತೀಯಲ್ಲ, ಹಂಗ."

 ಆಯಿಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾಯಿತು.

ಹದ್ದು ಇಳಿಜಾರಿನ ಮೇಲೆ ಒಂದು ಸುತ್ತು ಹಾಕಿ ಹೊರಟುಹೋಯಿತು. ನನಗೆ ಅಳು ಬಂತು. ಆದರೆ ಅದು ಹೋದದ್ದು ಉಳಿದವರನ್ನು ಕರೆತರುವುದಕ್ಕೋ ಎಂಬಂತೆ ಸ್ವಲ್ಪ ಹೊತ್ತಿನಲ್ಲಿ ಜೌಗಿನ ಕಡೆಯಿಂದ ಇನ್ನೊಂದು ಬಂದು ಬೇಲಿಯ ಕಂಬದ ಮೇಲೆ ಕೂತಿತು. ಗುಡ್ಡದ ಬೆನ್ನಿನಿಂದ ಮತ್ತೆರಡು. ಆಮೇಲೆ ಎಲ್ಲಿಂದ ಬಂದವೆಂದು ನನಗೆ ತಿಳಿಯಲೇ ಇಲ್ಲ. ಕಣ್ಣು ಒಂದರ ಮೇಲಿದ್ದಾಗ ಪಕ್ಕದ ಕಂಬದಲ್ಲಿ ಮತ್ತೊಂದು ಕೂತಿರುತ್ತಿತ್ತು. ಕಂಬಗಳೆಲ್ಲ ತುಂಬಿದವು. ಕಂಬ ಸಿಗದವು ಹುಲ್ಲಿನ ಮೇಲೆಯೇ ನಿಂತವು. ಕೆಲವು ಕಡುಗಂದು, ಎಳೆಯವು. ಕೆಲವು ಬಣ್ಣ ಮಾಸಿ ಬೂದಿಯಂತಾದ ಮುದುಕ ಹದ್ದುಗಳು. ಅವು ಬಂದಾಗ ಎಳೆಯವು ಜಾಗ ಬಿಟ್ಟವು. ಇಳಿಯುವಾಗ ಕಾಲನ್ನು ಕೆಳಗೆ ಜೋತುಬಿಟ್ಟು, ಗಾಳಿಗೆ ಎದುರಾಗಿ ಒಂದು ಗಳಿಗೆ ನಿಂತೇಬಿಡುತ್ತಿದ್ದವು, ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಹತ್ತಿರ ಇಳಿದ ಒಂದರ ಕಣ್ಣು ಕಂಡಿತು. ಹಳದಿ. ಅದು ಶೆಡ್ಡನ್ನು ನೋಡಿತು, ಹಲಗೆಯ ಸಂದಿಯನ್ನು ನೋಡಿತು, ನನ್ನನ್ನು ನೋಡಿತು. ಅಷ್ಟು ಪೂರ್ತಿಯಾಗಿ ನನ್ನನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಮನೆಯವರೆಲ್ಲ ನನ್ನ ಎದೆಯನ್ನು ನೋಡುತ್ತಿದ್ದರು. ಅದಕ್ಕೆ ಎದೆಯ ಗೊಡವೆ ಇರಲಿಲ್ಲ.

ನಾನು ಹೇಳುತ್ತಲೇ ಹೋದೆ. ಒಂದು ತಿನ್ನುವಾಗ ಉಳಿದವು ಕಾಯುವುದನ್ನು, ಕಾಯಲಾರದ ಒಂದು ಹಿಂದಿನಿಂದ ಬಂದು ಕಾಲಿನಿಂದ ಒದೆಯುವುದನ್ನು, ಎರಡೂ ನೆಟ್ಟಗೆ ಮೇಲೆದ್ದು ಉಗುರಿಗೆ ಉಗುರು ಹಿಡಿದು ಮತ್ತೆ ಏನೂ ಆಗದವರಂತೆ ಕೂರುವುದನ್ನು. ಗೊತ್ತಿಲ್ಲದ ಶಬ್ದವನ್ನು ಆಯಿ ಕೊಟ್ಟಳು. ಹುಲ್ಲಿನ ಮೇಲೆ ಅವುಗಳ ನಡಿಗೆಯನ್ನು ನಾನು ಮಾಡಿ ತೋರಿಸಿದರೆ ಅವಳಿಗೆ ಕಾಣುವಂತಿರಲಿಲ್ಲ. ಆದ್ದರಿಂದ ಮಾತಿನಲ್ಲೇ ನಡೆಸಬೇಕಾಯಿತು. ಉದ್ದನ್ನ ಕಾಲು, ಲಂಗ ಎತ್ತಿ ಕೆಸರಾಗ ನಡದಂಗ ಎಂದೆ. ಆಯಿ ನಕ್ಕಳು. ಸವಣೂರಿನ ಹದ್ದುಗಳಂತೆ ಚೀರುತ್ತವೆಯೇ ಎಂದು ಕೇಳಿದಳು. ಇಲ್ಲ, ಯಾವುದೂ ಬಾಯಿ ಬಿಡುತ್ತಿಲ್ಲ ಎಂದೆ. ಅಷ್ಟೊಂದು ಹಕ್ಕಿಗಳು, ಅಷ್ಟೊಂದು ಕೊಕ್ಕು, ಉಗುರು, ಆದರೂ ಕೇಳುತ್ತಿದ್ದದ್ದು ಗಾಳಿಯ ಸದ್ದು ಮಾತ್ರ.  ಇಂಥದ್ದೊಂದು ದಿನವೂ ಇಲ್ಲಿ ನಡೆಯುತ್ತಿದೆ, ನಾನು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂದು ಹೊಳೆಯಿತು. ವಿಚಿತ್ರವೆಂದರೆ ಅದರಿಂದ ನನಗೆ ಹೆದರಿಕೆಯಾಗಲಿಲ್ಲ. ಅಲ್ಲಿಯವರೆಗೆ ಹೊತ್ತಿದ್ದ ಹೆದರಿಕೆ ಅಲ್ಲಿ ಬಹಳ ಸಣ್ಣದಾಗಿ ಕಂಡಿತು.

ಕೊನೆಗೆ ಆಯಿ ಕೇಳಿದಳು. ಅಷ್ಟು ಹೊತ್ತು ಅವಳು ಕೇಳಲು ಕಾದಿದ್ದ ಮಾತು ಅದೇ ಇರಬೇಕು, ದನಿ ಸಣ್ಣಗಾಗಿತ್ತು.

"ನಿನ್ನ ತುಂಡು ಒಯ್ದುವೇನು?"

ನಾನು ಆ ತುಂಡನ್ನು ಮರೆತೇಬಿಟ್ಟಿದ್ದೆ. ಹುಡುಕಿದೆ. ಅದಿದ್ದ ಜಾಗದಲ್ಲಿ ಬರೀ ಹುಲ್ಲಿತ್ತು.

"ಅಲ್ಲಿಲ್ಲ ಆಯಿ. ಹೋಗೈತಿ. ಯಾವುದು ಒಯ್ತು, ನಾ ನೋಡ್ಲಿಲ್ಲ."

 ಆಯಿ ಮೂಟೆಯಿಂದ ಎದ್ದು, ಸೀರೆಗೆ ಅಂಟಿದ ಉಣ್ಣೆ ಝಾಡಿಸಿಕೊಂಡಳು.

"ಚಲೋ ಆತು. ತಗೊಳ್ಳಾವ್ರ ಮುಖ ನೋಡಬಾರದು."

ಯೂಟ್‌ನ ಸದ್ದು ಕೇಳುತ್ತಲೇ ಹದ್ದುಗಳೆಲ್ಲ ಒಟ್ಟಿಗೆ ಎದ್ದವು. ಶೆಡ್ಡಿನ ತಗಡಿನ ಮೇಲೆ ಅವುಗಳ ನೆರಳು ಹಾದುಹೋಯಿತು. ಆಯಿ ತಲೆಯ ಸೆರಗನ್ನು ಮುಂದಕ್ಕೆ ಎಳೆದುಕೊಂಡು ನನ್ನ ಕೈ ಹಿಡಿದು ಹೊರಗೆ ಬಂದಳು. ಅವುಗಳನ್ನು ಅವಳು ಒಂದು ಸಲವೂ ನೋಡಲಿಲ್ಲ. ಆದರೆ ಅದೇ ಸಂಜೆ ಸವಣೂರಿಗೆ ಫೋನ್ ಹಚ್ಚಿ ತನ್ನ ತಂಗಿಗೆ ಎಲ್ಲವನ್ನೂ ಹೇಳಿದಳು: ದುವಾ ಕೇಳುವ ರೆಕ್ಕೆ, ಬೂದಿ ಬಣ್ಣದ ಮುದುಕರು, ಲಂಗ ಎತ್ತಿದ ನಡಿಗೆ. ಕಣ್ಣಾರೆ ಕಂಡವಳ ಧಾಟಿಯಲ್ಲಿ ಹೇಳಿದಳು. ಸನ್‌ರೂಮಿನ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ ನನಗೆ ನನ್ನ ಮಾತುಗಳು ಸಮುದ್ರ ದಾಟಿ ಹೋಗುತ್ತಿರುವುದನ್ನು ನಂಬಲಾಗಲಿಲ್ಲ. ಮುಂದೆ ನಾನು ಕಥೆ ಹೇಳುವವಳಾದದ್ದು ಆ ಹೊಸ್ತಿಲಿನಲ್ಲೇ ಶುರುವಾಯಿತು. ಅವ್ವ ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ಅವಳು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಪರೇಶನ್ನಿನ ದಿನ ಬೆಳಿಗ್ಗೆ, ನಾನು ನಿದ್ದೆಹೋಗುವವರೆಗೆ ಮನೆಯವರೊಬ್ಬರು ಜೊತೆಗಿರಬಹುದು ಎಂದು ಆಸ್ಪತ್ರೆಯವರು ಹೇಳಿದರು. ಅವ್ವ ಬಂದಳು. ನೀಲಿ ಗೌನು, ತಲೆಗೆ ಕಾಗದದ ಟೊಪ್ಪಿ. ಆಸ್ಪತ್ರೆಯ ಭಾಷೆಯೆಲ್ಲ ಅವಳದೇ ಭಾಷೆ. ಗೋಡೆಯ ಮೇಲಿನ ಯಂತ್ರಗಳಲ್ಲಿ ಓಡುತ್ತಿದ್ದ ಅಂಕಿಗಳು ನಮ್ಮ ಮನೆಯಲ್ಲಿ ತಿಳಿಯುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ನನ್ನ ಕೈ ಹಿಡಿದಾಗ ಅವಳ ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು. ನಿದ್ದೆ ಬರಿಸುವ ಮಾಸ್ಕ್ ಹಿಡಿದ ಡಾಕ್ಟರು ಮಗುವಿಗೆ ಇಷ್ಟವಾದ ಏನನ್ನಾದರೂ ಮಾತಾಡಿಸಿ ಎಂದರು.  ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನೂರೀ, ಆ ಹದ್ದಿಂದು ಹೇಳ. ಆಯಿಗೆ ಹೇಳಿದಂಗ ನನಗೂ ಹೇಳ."

ನಾನು ಕನ್ನಡದಲ್ಲಿ ಶುರುಮಾಡಿದೆ. ಹುಲ್ಲು ಒದ್ದಿ ಇತ್ತು. ಮೊದಲ ಒಂದು ಬಂತು. ರೆಕ್ಕಿ ಬಡೀತಿದ್ದಿಲ್ಲ.

"ಆಮ್ಯಾಲ?"

ತೇಲಾಕತ್ತಿತ್ತು. ಬೇಲಿ ಮ್ಯಾಲ ಒಂದು ಕುಂತಿತು. ಆಮ್ಯಾಲ ಎರಡು.

"ಆಮ್ಯಾಲ ಏನಾತು?"

ನನಗೆ ನೆನಪಿರುವುದು ಅಷ್ಟೇ. ಉಳಿದದ್ದನ್ನು ಅಪ್ಪ ಬಹಳ ವರ್ಷಗಳ ನಂತರ ಹೇಳಿದ. ನಾನು ನಿದ್ದೆಹೋದ ಮೇಲೂ ಅವ್ವ ಆಮ್ಯಾಲ ಏನಾತು, ಆಮ್ಯಾಲ ಏನಾತು ಎಂದು ಕೇಳುತ್ತಲೇ ಇದ್ದಳಂತೆ. ಅಂಕಿಗಳನ್ನೆಲ್ಲ ಬಲ್ಲ ನನ್ನ ಅವ್ವನನ್ನು ನರ್ಸ್ ಒಬ್ಬಳು ಹೆಗಲು ಹಿಡಿದು ಹೊರಗೆ ಕರೆತಂದಳಂತೆ. ಹೊರಗೆ ಬೆಂಚಿನ ಮೇಲಿದ್ದ ಆಯಿ ಸರಿದು ಜಾಗ ಕೊಟ್ಟು, ಹದ್ದುಗಳ ಕಥೆಯ ಮುಂದಿನದ್ದನ್ನು ತಾನು ಹೇಳತೊಡಗಿದಳಂತೆ.